ಚೇತು ಭುಜದ ವಿಷಯ

ಪಿಟ್ಸ್‌ಬರ್ಗ್
20 ಜುಲೈ 2024

ತೀರ್ಥರೂಪು ಅಪ್ಪನವರಿಗೆ ಸುಮಾ ಮಾಡುವ ನಮಸ್ಕಾರಗಳು. ನಾನಿಲ್ಲಿ ಕ್ಷೇಮ. ನೀವೆಲ್ಲ ಕ್ಷೇಮ ಅಂದುಕೊಂಡಿದ್ದೇನೆ. ಅಜ್ಜಿ ಮಾತ್ರೆ ನುಂಗುತ್ತಿದ್ದಾರೆ ತಾನೆ?

ನಿಮ್ಮ ಕಾಗದದ ಫೋಟೊ ಅಮ್ಮ ಕಳಿಸಿದಳು. ಮೂರು ಪುಟದಲ್ಲಿ ಎರಡೂವರೆ ಪುಟ ಚೇತು ಬೌಲಿಂಗಿನದೇ, ಉಳಿದದ್ದು ಅವನನ್ನು ಬೆಂಗಳೂರಿನ ಕ್ಯಾಂಪಿಗೆ ಕಳಿಸುವ ಮಾತು. ಓದಿ ಖುಷಿಯಾಯಿತು. ಆದರೆ ಕೊನೆಯಲ್ಲಿ ಅಮ್ಮ ಪೆನ್ಸಿಲಿನಲ್ಲಿ ಒಂದು ಸಾಲು ಸೇರಿಸಿದ್ದಾಳೆ, ನೀವು ನೋಡಿದ ಹಾಗಿಲ್ಲ. "ಎರಡು ವಾರದಿಂದ ಎಡಗೈಯಲ್ಲಿ ತಲೆ ಬಾಚ್ತಾ ಇದಾನೆ" ಅಂತ. ಆಮೇಲೆ ನನಗೆ ನಿಮ್ಮ ಎರಡೂವರೆ ಪುಟ ನೆನಪೇ ಉಳಿಯಲಿಲ್ಲ.

ಬೆಳಿಗ್ಗೆ ನೆಟ್ಸ್, ಶನಿವಾರ ಭಾನುವಾರ ಮ್ಯಾಚು, ಸಂಜೆ ಟೆನಿಸ್ ಬಾಲ್ ಟೂರ್ನಿ. ಒಂದು ವಾರಕ್ಕೆ ಎಷ್ಟು ಬಾಲ್ ಆಯಿತು ಅಂತ ಯಾರಾದರೂ ಲೆಕ್ಕ ಇಟ್ಟಿದ್ದೀರಾ? "ನೋವು ಬಂದ್ರೆ ತೋಳು ಗಟ್ಟಿಯಾಗ್ತಿದೆ ಅಂತ ಅರ್ಥ" ಅಂದರಂತೆ ಕೋಚು. ಅವರ ಭುಜ ಅಲ್ಲವಲ್ಲ.

ನಾನು ಡಾಕ್ಟರಲ್ಲ. ಕ್ರಿಕೆಟ್ಟೂ ನಿಮ್ಮಷ್ಟು ಗೊತ್ತಿಲ್ಲ. ಆದರೆ ಈ ಊರಲ್ಲಿ ಎರಡು ತಿಂಗಳಿಂದ ಒಬ್ಬ ಹುಡುಗನ ತೋಳಿನ ಸುದ್ದಿ ಬಿಟ್ಟು ಬೇರೆ ಸುದ್ದಿಯೇ ಇಲ್ಲ. ಅದನ್ನು ನಿಮಗೆ ಹೇಳಲೇಬೇಕು.

ಹೆಸರು ಪಾಲ್ ಸ್ಕೀನ್ಸ್. ವಯಸ್ಸು 22, ಆರೂವರೆ ಅಡಿ ಎತ್ತರ. ಇಲ್ಲಿನ ಬೇಸ್‌ಬಾಲ್ ತಂಡ ಪೈರೇಟ್ಸ್‌ನ ಪಿಚರ್, ಅಂದರೆ ನಮ್ಮ ಬೌಲರ್ ಥರ. ಓಡಿ ಬರುವ ಹಾಗಿಲ್ಲ. ಮಣ್ಣಿನ ದಿಬ್ಬದ ಮೇಲೆ ನಿಂತು ಹದಿನೆಂಟು ಮೀಟರ್ ಆಚೆಗೆ ಎಸೆಯಬೇಕು. ಬಾಲು ಪುಟಿಯುವುದೂ ಇಲ್ಲ. ನಿಂತಲ್ಲಿಂದಲೇ ಇವನು ಗಂಟೆಗೆ 160 ಕಿಲೋಮೀಟರಿಗೂ ಜಾಸ್ತಿ ವೇಗದಲ್ಲಿ ಎಸೆಯುತ್ತಾನೆ. ಬಾಲಿಗೆ ಸ್ವಲ್ಪ ಮಣ್ಣು ತಾಗಿದರೂ ಸಾಕು, ಬೇರೆ ಬಾಲು ಕೊಡುತ್ತಾರೆ. ನಮ್ಮ ಚೇತು ಒಂದೇ ಬಾಲನ್ನು ಪ್ಯಾಂಟಿಗೆ ಉಜ್ಜಿ ಉಜ್ಜಿ ತಿಂಗಳುಗಟ್ಟಲೆ ಓಡಿಸುವುದು ನೆನಪಾಗಿ ನಗು ಬಂತು.

ಇವನು ಮೊದಲು ಇಲ್ಲಿನ ವಾಯುಸೇನೆಯ ಅಕಾಡೆಮಿಯಲ್ಲಿ ಓದುತ್ತಿದ್ದನಂತೆ. ಎರಡು ವರ್ಷ ಅಲ್ಲಿದ್ದು ಲೂಸಿಯಾನಾದ ವಿಶ್ವವಿದ್ಯಾಲಯಕ್ಕೆ ಬಂದ. 2023ರಲ್ಲಿ ಆ ಕಾಲೇಜು ತಂಡಕ್ಕೆ ರಾಷ್ಟ್ರೀಯ ಪಟ್ಟ ಗೆಲ್ಲಿಸಿಕೊಟ್ಟ. ಆ ಒಂದೇ ಸೀಸನ್ನಿನಲ್ಲಿ 209 ಜನರನ್ನು ಸ್ಟ್ರೈಕ್ ಔಟ್ ಮಾಡಿದ. ಅಂದರೆ ಬ್ಯಾಟಿನವನು ಬಾಲನ್ನು ಸರಿಯಾಗಿ ಹೊಡೆಯಲಾಗದೆ ಮೂರು ಅವಕಾಶ ಕಳೆದುಕೊಂಡು ಔಟಾಗುವುದು. ಅದೇ ಜುಲೈಯಲ್ಲಿ ಪೈರೇಟ್ಸ್ ದೇಶಕ್ಕೇ ಮೊದಲನೆಯವನಾಗಿ ಅವನನ್ನು ಆರಿಸಿ, ಸಹಿ ಹಾಕಿದ್ದಕ್ಕೇ 92 ಲಕ್ಷ ಡಾಲರ್ ಕೊಟ್ಟಿತು. ನಮ್ಮ ದುಡ್ಡಲ್ಲಿ 75 ಕೋಟಿಗೂ ಮೇಲೆ. ಈ ಸಾಲನ್ನು ಚೇತುಗೆ ಓದಿ ಹೇಳಬೇಡಿ.

ಇಷ್ಟು ದುಡ್ಡು ಸುರಿದವರು ಮಾರನೇ ದಿನವೇ ಮೈದಾನಕ್ಕೆ ಇಳಿಸುತ್ತಾರೆ ಅಂತೀರಲ್ವಾ? ಇಲ್ಲ ಅಪ್ಪಾ. ಕೆಳಗಿನ ಲೀಗ್‌ಗಳಿಗೆ ಕಳಿಸಿದರು. ಆ ವರ್ಷ ಉಳಿದ ಸೀಸನ್ನಿನಲ್ಲಿ ಅವನಿಂದ ಎಸೆಸಿದ್ದು ಐದು ಮ್ಯಾಚಿನಲ್ಲಿ ಏಳು ಇನಿಂಗ್ಸೂ ಇಲ್ಲ. ಇಲ್ಲಿ ಮೂರು ಜನ ಔಟಾದರೆ ಒಂದು ಇನಿಂಗ್ಸ್. ಅಂದರೆ ಒಟ್ಟು 20 ಔಟು, ಅಷ್ಟೇ. ಕಾಲೇಜಿನಲ್ಲಿ ಆಗಲೇ ಜಾಸ್ತಿ ಎಸೆದಿದ್ದಾನೆ, ತೋಳಿಗೆ ವಿಶ್ರಾಂತಿ ಬೇಕು ಅಂತ. ಈ ವರ್ಷ ಇಂಡಿಯಾನಾಪೊಲಿಸ್‌ನಲ್ಲಿ ಏಳು ಮ್ಯಾಚು ಆಡಿಸಿದರು, ಎಲ್ಲ ಸೇರಿ 27 ಇನಿಂಗ್ಸ್ ಚಿಲ್ಲರೆ. 45 ಜನರನ್ನು ಸ್ಟ್ರೈಕ್ ಔಟ್ ಮಾಡಿದ, ಆದರೂ ಮೇಲೆ ಕರೆಯಲಿಲ್ಲ. ದುಡ್ಡಿನ ಲೆಕ್ಕಾಚಾರಕ್ಕೆ ಕೆಳಗೆ ಕೂರಿಸಿದ್ದಾರೆ ಅಂತ ನಮ್ಮ ಆಫೀಸಿನವರೆಲ್ಲ ಬೈಯುತ್ತಿದ್ದರು. ಅದೂ ಇರಬಹುದು.

ಕೊನೆಗೆ ಮೇ 11ಕ್ಕೆ ಇಳಿಸಿದರು. ಆಫೀಸಿನವರು ನನ್ನನ್ನೂ ಎಳೆದುಕೊಂಡು ಹೋಗಿದ್ದರು. ಎದುರಾಳಿ ಷಿಕಾಗೋ. ಮೈದಾನ ನದಿ ದಂಡೆಯಲ್ಲೇ ಇದೆ, ಸೇತುವೆ ಮೇಲೆ ನಡೆದುಕೊಂಡೇ ಹೋಗುತ್ತಾರೆ. ಇಲ್ಲಿ ಪಿರೋಗಿ ಅಂತ ಒಂದು ತಿಂಡಿ, ನೋಡೋಕೆ ನಮ್ಮ ಕರಿಗಡುಬೇ, ಒಳಗೆ ಆಲೂಗಡ್ಡೆ. ಆಟದ ಮಧ್ಯೆ ಆ ಕಡುಬಿನ ವೇಷ ಹಾಕಿಕೊಂಡು ಮೈದಾನದ ಸುತ್ತ ಓಟದ ಪಂದ್ಯ! ಅಜ್ಜಿಗೆ ಹೇಳಿ, ನಗಲಿ.

ಹುಡುಗ ಏಳು ಸ್ಟ್ರೈಕ್ ಔಟ್ ಮಾಡಿದ. 84 ಎಸೆತ ಆದ ಮೇಲೆ ವಾಪಸು ಕರೆದರು. ಆಮೇಲೆ ಬಂದವರು ಸುಮ್ನೆ ರನ್ ದಾನ ಮಾಡಿದರು, ಮಳೆ ಬಂದು ಎರಡು ಗಂಟೆಗೂ ಜಾಸ್ತಿ ಆಟ ನಿಂತಿತು. ಅಂತೂ 10-9ಕ್ಕೆ ಗೆದ್ದೆವು. ನೋಡಿ, "ಗೆದ್ದೆವು" ಅಂತ ಬರೆಯುವಷ್ಟು ಆಗಿದ್ದೇನೆ.

ಈಗ ಮುಖ್ಯ ವಿಷಯ. ಈ ತಿಂಗಳು 11ಕ್ಕೆ ಮಿಲ್ವಾಕಿಯಲ್ಲಿ ಮ್ಯಾಚು. ಟೀವಿಯಲ್ಲಿ ನೋಡಿದೆ. ಏಳು ಇನಿಂಗ್ಸ್ ಎಸೆದ, ಎದುರಾಳಿಗೆ ಒಂದೇ ಒಂದು ಹಿಟ್ ಸಿಗಲಿಲ್ಲ. ಹಿಟ್ ಅಂದರೆ ಬಾಲು ಹೊಡೆದು ಔಟಾಗದೆ ಓಡಿ ಮೊದಲ ಬೇಸ್ ಮುಟ್ಟುವುದು. 11 ಸ್ಟ್ರೈಕ್ ಔಟ್. ಇನ್ನೆರಡು ಇನಿಂಗ್ಸ್ ಹಾಗೇ ಮುಗಿಸಿದ್ದರೆ ದಾಖಲೆ ಪುಸ್ತಕದಲ್ಲಿ ಹೆಸರು. ನಮ್ಮ ಹತ್ತು ವಿಕೆಟ್ ಇದ್ದ ಹಾಗೆ ಅಂದುಕೊಳ್ಳಿ. ಅಲ್ಲಿಗೆ 99 ಎಸೆತ ಆಗಿತ್ತು. ಸಾಕು ಬಾ ಅಂದರು! ಇವನು ಹೋಗಿ ಕೂತ. ನಾನು ಸೋಫಾದಿಂದ ಎದ್ದು ಟೀವಿಗೆ ಬೈದೆ. ತಂಡ 1-0ಗೆ ಗೆದ್ದಿತು, ದಾಖಲೆ ಆಗಲಿಲ್ಲ. ಮೇ ತಿಂಗಳಲ್ಲಿ ಷಿಕಾಗೋದಲ್ಲೂ ಹೀಗೇ, ಆರು ಇನಿಂಗ್ಸಿನಲ್ಲಿ ಒಂದೂ ಹಿಟ್ ಇಲ್ಲ, ನೂರು ಎಸೆತಕ್ಕೆ ಕರೆದಿದ್ದರು.

ಅದಾಗಿ ಐದೇ ದಿನಕ್ಕೆ ಆಲ್‌ಸ್ಟಾರ್ ಪಂದ್ಯ, ಎಲ್ಲ ತಂಡಗಳಿಂದ ಆರಿಸಿದ ಒಳ್ಳೊಳ್ಳೆ ಆಟಗಾರರದ್ದು. ಬರೀ 11 ಮ್ಯಾಚು ಆಡಿದ ಹುಡುಗನ ಕೈಗೆ ಮೊದಲ ಬಾಲು ಕೊಟ್ಟರು.

ಇವರ ಭಯ ಏನಂದರೆ ಮೊಣಕೈ. ಅಲ್ಲಿನ ಒಂದು ನಾರು ಹರಿದರೆ ಆಪರೇಷನ್, ಆಮೇಲೆ ವರ್ಷಕ್ಕೂ ಮೇಲೆ ಮನೆಯಲ್ಲೇ. ಪಿಚಿಂಗೂ ಬ್ಯಾಟಿಂಗೂ ಎರಡೂ ಮಾಡುವ ಜಪಾನಿನ ಒಟಾನಿಯ ಹೆಸರು ನೀವೂ ಕೇಳಿರಬಹುದು. ಮೊಣಕೈಗೆ ಎರಡನೇ ಆಪರೇಷನ್ ಆಗಿ ಈ ವರ್ಷ ಬರೀ ಬ್ಯಾಟು ಹಿಡಿಯುತ್ತಿದ್ದಾನೆ. ಅಷ್ಟು ದೂರ ಯಾಕೆ, ನಿಮ್ಮ ಶ್ರೀನಾಥ್ 1997ರಲ್ಲಿ ಭುಜ ಕೆಟ್ಟು ವೆಸ್ಟ್ ಇಂಡೀಸ್ ಪ್ರವಾಸವನ್ನೇ ತಪ್ಪಿಸಿಕೊಂಡರಲ್ವಾ? ನೀವೇ ಎಷ್ಟು ಸಲ ಹೇಳಿ ಹೇಳಿ ಬೇಜಾರು ಮಾಡಿಕೊಂಡಿದ್ದೀರಿ. ಚೇತುಗೆ ಇನ್ನೂ ಹದಿನೇಳು ಅಪ್ಪಾ.

ನಿಮ್ಮ ಅಕೌಂಟಿಗೆ ನಲವತ್ತು ಸಾವಿರ ಹಾಕಿದ್ದೇನೆ. ಇದು ಬೆಂಗಳೂರಿನ ಕ್ಯಾಂಪಿಗಲ್ಲ. ಭುಜದ ಎಮ್‌ಆರ್‌ಐಗೆ. ಹಾಸನಕ್ಕೆ ಕರೆದುಕೊಂಡು ಹೋಗಿ ಮೂಳೆ ಡಾಕ್ಟರಿಗೇ ತೋರಿಸಿ, ಮಂಜು ಮಾವನ ಎಣ್ಣೆ ತಿಕ್ಕಿಸಿ ಸುಮ್ಮನಾಗಬೇಡಿ. ಕ್ಯಾಂಪಿಗೆ ಅಂತ ತೆಂಗಿನ ತೋಟದ ಮೇಲೆ ಸಾಲ ಮಾಡುವ ಮಾತು ಸದ್ಯಕ್ಕೆ ಬೇಡವೇ ಬೇಡ. ಡಾಕ್ಟರು ಏನೂ ಇಲ್ಲ ಅಂದರೆ ಕ್ಯಾಂಪಿನ ದುಡ್ಡೂ ನಾನೇ ಕೊಡುತ್ತೇನೆ, ಮಾತು ಕೊಟ್ಟಿದ್ದೇನೆ ಅಂತ ಅವನಿಗೆ ಹೇಳಿ. ಅಲ್ಲಿಯವರೆಗೆ ಬಾಲು ಮುಟ್ಟುವ ಹಾಗಿಲ್ಲ. ಗಣೇಶನ ಹಬ್ಬದ ಟೂರ್ನಿಯೂ ಇಲ್ಲ. ಬೇಕಾದರೆ ಬ್ಯಾಟಿಂಗ್ ಮಾಡಲಿ. ಅಲ್ಲ, ಅದೂ ಬೇಡ.

ದುಡ್ಡಿಗೆ ನೀವು ಚಿಂತೆ ಮಾಡಬೇಡಿ. ನನಗೆ ಏನೂ ಕಷ್ಟವಿಲ್ಲ. ನಿಜವಾಗಿ ಏನೂ ಇಲ್ಲ. ಚೆನ್ನಾಗಿ ಊಟ ಮಾಡುತ್ತೇನೆ, ಮೊನ್ನೆ ಮುದ್ದೆ ಕೂಡ ಗಂಟಿಲ್ಲದೆ ಬಂತು. ಮನೆ ಬದಲಾಯಿಸಿದ್ದು ಬಾಡಿಗೆ ಜಾಸ್ತಿ ಆಯಿತು ಅಂತಲ್ಲ, ಆಫೀಸಿಗೆ ಹತ್ತಿರ ಅಂತ. ಅಮ್ಮನಿಗೂ ಹಾಗೇ ಹೇಳಿ. ಪೆನ್ ಹಿಲ್ಸ್‌ನ ವೆಂಕಟೇಶ್ವರನ ಗುಡಿಯಲ್ಲಿ ಚೇತು ಹೆಸರಲ್ಲಿ ಅರ್ಚನೆ ಮಾಡಿಸಿದ್ದೇನೆ ಅಂತಲೂ ಹೇಳಿ. ಹುಡುಗನ ಜಾತಕ ಕಳಿಸುವುದನ್ನು ದಯವಿಟ್ಟು ನಿಲ್ಲಿಸಲಿ.

ಬಸ್ಸಿಗೆ ಹೊತ್ತಾಯಿತು. ಡಾಕ್ಟರ ಹತ್ತಿರ ಹೋಗುವ ದಿನ ಎಷ್ಟೇ ಹೊತ್ತಾಗಿರಲಿ ಫೋನ್ ಮಾಡಿ.

ನಿಮ್ಮ ಮಗಳು
ಸುಮಾ

ಚೇತು, ನೀನು ಇದನ್ನು ಓದುತ್ತೀಯ ಅಂತ ಗೊತ್ತು. ಬಲಗೈಯಲ್ಲಿ ತಲೆ ಬಾಚುವ ವಿಡಿಯೋ ಕಳಿಸು. ಪೂರ್ತಿ ಹಿಂದಿನವರೆಗೂ.