ಕಾಲು ಕೂಡಿತು. ಎಲ್ಲರಿಗೂ ಥ್ಯಾಂಕ್ಸ್, ಒಂದು ಕುದುರೆಗೂ

ಎಲ್ಲರಿಗೂ ನಮಸ್ಕಾರ.

ಮೊದಲು ಸುದ್ದಿ. ಕಾಲಿನ ಮೂಳೆ ಕೂಡಿದೆ. ಡಾಕ್ಟರು ಎಕ್ಸ್‌ರೇ ನೋಡಿ ಒಪ್ಪಿಗೆ ಕೊಟ್ಟರು, ಈ ವಾರದಿಂದ ಮತ್ತೆ ಜೀನಿನ ಮೇಲೆ ಕೂತಿದ್ದೇನೆ. ಸದ್ಯಕ್ಕೆ ನಡಿಗೆ, ಟ್ರಾಟ್ ಅಂದರೆ ಕುಕ್ಕುಲೋಟ ಅಷ್ಟೇ, ಓಡಿಸೋಕೆ ಇನ್ನೂ ಸ್ವಲ್ಪ ಟೈಮ್ ಬೇಕು. ಪರವಾಗಿಲ್ಲ. ಚಳಿಗಾಲ ಪೂರ್ತಿ ಕಿಟಕಿಯಲ್ಲಿ ಕೂತು ಬೇರೆಯವರು ಕುದುರೆ ಹತ್ತೋದನ್ನ ನೋಡಿದವನಿಗೆ ನಡಿಗೆಯೂ ಹಬ್ಬವೇ.

ಹೊಸಬರಿಗೆ ಎರಡು ಮಾತು. ನಾನು ಕುಣಿಗಲ್ ಕಡೆಯವನು. ಅಲ್ಲಿನ ಸ್ಟಡ್ ಫಾರ್ಮ್ ಗೊತ್ತಲ್ಲ, ಟಿಪ್ಪು ಕಾಲದ್ದು ಅಂತ ಊರವರು ಹೇಳೋದು. ಅಪ್ಪ ಸೈಸ್, ಅಂದರೆ ಕುದುರೆ ನೋಡಿಕೊಳ್ಳೋ ಆಳು ಆಗಿದ್ದರು. ನಾನು ಬೆಂಗಳೂರು ರೇಸ್‌ಕೋರ್ಸಿನಲ್ಲಿ ರೈಡಿಂಗ್ ಬಾಯ್ ಆಗಿ ಬೆಳಗಿನ ಜಾವದ ಟ್ರ್ಯಾಕ್ ವರ್ಕ್ ಮಾಡಿಕೊಂಡಿದ್ದೆ. ಈಗ ಜಪಾನಿನ ಹೊಕ್ಕೈಡೊದಲ್ಲಿ, ಹಿದಾಕಾ ಸೀಮೆಯ ಉರಕಾವಾ ಅನ್ನೋ ಸಣ್ಣ ಊರಲ್ಲಿದ್ದೇನೆ. ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬೆಟ್ಟ, ನಡುವೆ ಬರೀ ಹುಲ್ಲುಗಾವಲು, ಬೇಲಿ, ಕುದುರೆ. ಜಪಾನಿನ ರೇಸ್ ಕುದುರೆಗಳಲ್ಲಿ ಹೆಚ್ಚುಕಡಿಮೆ ನೂರಕ್ಕೆ 80 ಈ ಹಿದಾಕಾದಲ್ಲೇ ಹುಟ್ಟುತ್ತವೆ. ಮರಿಗಳನ್ನ ಪಳಗಿಸಿ ಸವಾರಿಗೆ ತಯಾರು ಮಾಡೋಕೆ ಇಲ್ಲಿಯ ಹುಡುಗರು ಸಾಲೋದಿಲ್ಲ, ಅದಕ್ಕೇ ನಮ್ಮ ದೇಶದಿಂದ ನೂರಾರು ಜನ ಬಂದು ಸೇರಿದ್ದೇವೆ. ರಾಜಸ್ಥಾನದವರು ಜಾಸ್ತಿ. ಕನ್ನಡ ಮಾತಾಡಬೇಕು ಅಂದ್ರೆ ನನಗೆ ಫೋನೇ ಗತಿ.

ಹೋದ ಅಕ್ಟೋಬರ್‌ನಲ್ಲಿ ಬಿದ್ದೆ. ಒಂದೂವರೆ ವರ್ಷದ ಹೆಣ್ಣು ಮರಿ, ಬೆನ್ನ ಮೇಲೆ ಆಳು ಕೂರೋದು ಅಂದ್ರೇನು ಅಂತ ಆಗಷ್ಟೇ ಕಲೀತಾ ಇತ್ತು. ಇಲ್ಲಿ ಜಿಂಕೆ ಕಾಟ ವಿಪರೀತ. ಬೇಲಿ ಪಕ್ಕದ ಪೊದೆಯಿಂದ ಒಂದು ಜಿಂಕೆ ಚಂಗನೆ ಹಾರಿತು, ಮರಿ ಹಿಂಗಾಲ ಮೇಲೆ ಎದ್ದು ನಿಂತಿತು, ನಾನು ಕೆಳಗೆ, ನನ್ನ ಎಡಗಾಲ ಮೇಲೆ ಅದು. ಯಾರದೂ ತಪ್ಪಿಲ್ಲ. ಮರಿಗೆ ಒಂದು ಗೀರೂ ಆಗಲಿಲ್ಲ, ಎದ್ದು ಮೈ ಕೊಡವಿಕೊಂಡು ನನ್ನ ಹೆಲ್ಮೆಟ್ ಮೂಸಿ ನೋಡಿ ಹೋಯಿತಂತೆ. ನನಗೆ ಮೊಣಕಾಲ ಕೆಳಗಿನ ಎರಡೂ ಮೂಳೆ ಹೋಗಿ ಒಳಗೆ ರಾಡ್ ಹಾಕಿದರು.

ಈಗ ಥ್ಯಾಂಕ್ಸ್. ನನ್ನ ಜೊತೆ ರೂಮಲ್ಲಿರೋ ಜೋಧ್‌ಪುರದ ಅಣ್ಣ ಮತ್ತು ಕೊಲ್ಹಾಪುರದ ಹುಡುಗ, ನೀವಿಬ್ಬರು ಇಲ್ಲದಿದ್ದರೆ ನಾನು ಆಸ್ಪತ್ರೆಯ ಅನ್ನ, ಹಸಿ ಮೀನಿನಲ್ಲೇ ಕರಗಿ ಹೋಗ್ತಿದ್ದೆ. ನನ್ನ ಪಾಲಿನ ಲಾಯ ಕೂಡ ನೀವೇ ಬಳಿದಿರಿ, ಒಂದು ದಿನವೂ ಮುಖ ಸಿಂಡರಿಸಲಿಲ್ಲ. ಫಾರ್ಮಿನ ಯಜಮಾನರ ತಾಯಿಗೆ 80 ದಾಟಿದೆ, ಅವರು ಹಿಮದಲ್ಲಿ ಕೋಲೂರಿಕೊಂಡು ನನಗೆ ಬಿಸಿ ಸೂಪ್ ತಂದು ಕೊಡ್ತಿದ್ದರು. ನನ್ನ ಜಪಾನಿ ಭಾಷೆ ಕುದುರೆಗೆ ಹೇಳೋಷ್ಟು ಮಾತ್ರ, ಅಜ್ಜಿಗೆ ಹೇಳೋಷ್ಟಿಲ್ಲ, ಹಾಗಾಗಿ ಕೈ ಮುಗಿದೆ. ಊರಲ್ಲಿ ಅಮ್ಮ, ತಂಗಿ, ಭಾವ, ನನ್ನ ಹೆಂಡತಿ. ಇವಳ ಬಗ್ಗೆ ಇಲ್ಲಿ ಬರೆದರೆ ಬೈತಾಳೆ, ಬಿಡಿ.

ಇನ್ನು ಕುದುರೆ ವಿಷಯ. ನಗೋರು ನಗಿ. ಮಲಗಿದ್ದಲ್ಲೇ ಮಲಗಿ ನಾನು ಮಾಡಿದ ಒಂದೇ ಕೆಲಸ ಅಂದ್ರೆ ಸಂಡೇ ಸೈಲೆನ್ಸ್ ಅನ್ನೋ ಕುದುರೆಯ ಕತೆಯನ್ನ ಬುಡದಿಂದ ಓದಿದ್ದು. ನನ್ನನ್ನ ಬೀಳಿಸಿದ ಮರಿ ಅದರ ಮರಿಮಗಳು. ನಮ್ಮ ಲಾಯದಲ್ಲಿರೋ ಯಾವ ಮರಿಯ ವಂಶಾವಳಿ ತೆಗೆದರೂ ಅದೇ ಹೆಸರು, ಅಪ್ಪನ ಕಡೆಯಿಂದ ಇಲ್ಲದಿದ್ದರೆ ಅಮ್ಮನ ಕಡೆಯಿಂದ.

ಸಂಡೇ ಸೈಲೆನ್ಸ್ ಹುಟ್ಟಿದ್ದು 1986ರ ಮಾರ್ಚ್ 25ಕ್ಕೆ, ಅಮೆರಿಕದ ಕೆಂಟಕಿಯಲ್ಲಿ. ಕಪ್ಪು ಬಣ್ಣದ ಮರಿ, ಹಿಂಗಾಲು ಒಳಕ್ಕೆ ಬಾಗಿದ್ದವು, ನೋಡಿದವರಿಗೆ ಹಿಡಿಸ್ತಿರಲಿಲ್ಲ. ಹಾಲು ಬಿಟ್ಟ ಸ್ವಲ್ಪ ದಿನಕ್ಕೇ ಯಾವುದೋ ವೈರಸ್ ತಗುಲಿ ಸಾಯೋ ಹಾಗಾಗಿತ್ತು. ಹರಾಜಿಗೆ ಬಿಟ್ಟರು, ಒಳ್ಳೆ ಬೆಲೆ ಬರಲಿಲ್ಲ, ಸಾಕಿದ ಆರ್ಥರ್ ಹ್ಯಾಂಕಾಕ್ 17,000 ಡಾಲರ್‌ಗೆ ತಾವೇ ವಾಪಸ್ ಹಿಡಿದುಕೊಂಡರು. ಎರಡನೇ ಸಲ ಕ್ಯಾಲಿಫೋರ್ನಿಯಾದಲ್ಲಿ ಹರಾಜಿಗೆ ನಿಲ್ಲಿಸಿದರು, ಅಲ್ಲೂ ಅದೇ ಕತೆ. ಅಲ್ಲಿಂದ ಮನೆಗೆ ಬರೋ ದಾರಿಯಲ್ಲಿ ವ್ಯಾನ್ ಡ್ರೈವರ್‌ಗೆ ಹಾರ್ಟ್ ಅಟ್ಯಾಕ್ ಆಗಿ ಗಾಡಿ ಅಪಘಾತವಾಯಿತು. ಇದು ಬದುಕಿ ಉಳಿಯಿತು.

ಅಂಥದ್ದು 1989ರಲ್ಲಿ ಕೆಂಟಕಿ ಡರ್ಬಿ ಗೆದ್ದಿತು. ಪ್ರೀಕ್‌ನೆಸ್‌ನಲ್ಲಿ ಈಸಿ ಗೋಯರ್ ಅನ್ನೋ ಕುದುರೆ ಜೊತೆ ಕತ್ತಿಗೆ ಕತ್ತು ತಾಗಿಸಿಕೊಂಡು ಓಡಿ ಮೂಗಿನಷ್ಟು ಅಂತರದಲ್ಲಿ ಗೆದ್ದಿತು. ಆ ರೇಸಿನ ವಿಡಿಯೊ ಸಿಕ್ಕರೆ ನೋಡಿ, ಕೊನೆಯ ತಿರುವಿನಿಂದ ಎರಡೂ ಕುದುರೆ ಒಂದನ್ನೊಂದು ಬಿಡೋದೇ ಇಲ್ಲ. ಬೆಲ್ಮಂಟ್‌ನಲ್ಲಿ ಮಾತ್ರ ಈಸಿ ಗೋಯರ್ ಎಂಟು ಲೆಂತ್, ಅಂದರೆ ಎಂಟು ಕುದುರೆಯಷ್ಟು ಉದ್ದ, ಮುಂದೆ ಹೋಗಿ ಸೇಡು ತೀರಿಸಿಕೊಂಡಿತು, ಈ ಮೂರೂ ರೇಸ್ ಗೆದ್ದರೆ ಸಿಗೋ ಟ್ರಿಪಲ್ ಕ್ರೌನ್ ತಪ್ಪಿತು. ವರ್ಷದ ಕೊನೆಗೆ ಬ್ರೀಡರ್ಸ್ ಕಪ್ ಕ್ಲಾಸಿಕ್‌ನಲ್ಲಿ ಮತ್ತೆ ಸಂಡೇ ಸೈಲೆನ್ಸೇ ಮೇಲು. ಒಟ್ಟು 14 ಓಟ, 9 ಗೆಲುವು, ಉಳಿದ 5ರಲ್ಲೂ ಎರಡನೇ ಸ್ಥಾನ. ಅಮೆರಿಕದ ವರ್ಷದ ಕುದುರೆ ಅನ್ನೋ ಪ್ರಶಸ್ತಿಯೂ ಬಂತು.

ಇಷ್ಟೆಲ್ಲ ಆದರೂ 1990ರಲ್ಲಿ ಇದನ್ನ ಓಟದಿಂದ ಬಿಡಿಸಿ ಬೀಜಕ್ಕೆ ಬಿಡ್ತೀವಿ, ಷೇರು ತಗೊಳ್ಳಿ ಅಂದಾಗ ಅಲ್ಲಿನ ದೊಡ್ಡವರು ಮುಂದೆ ಬರಲಿಲ್ಲ. ಓಡಿದ್ದು ಸರಿ, ತಾಯಿ ಕಡೆ ಮನೆತನ ಸಾಲದು ಅಂದರು. ಎಲ್ಲೋ ಕೇಳಿದ ಮಾತು ಅನ್ಸುತ್ತೆ ಅಲ್ವಾ? ಕೊನೆಗೆ ಹೊಕ್ಕೈಡೊದ ಶದಾಯ್ ಫಾರ್ಮಿನ ಜೆನ್ಯಾ ಯೋಶಿದಾ ಸುಮಾರು 1.1 ಕೋಟಿ ಡಾಲರ್ ಕೊಟ್ಟು ಇಡೀ ಕುದುರೆಯನ್ನ ಕೊಂಡು ತಂದರು. ಯೋಶಿದಾ ತೀರಿಕೊಂಡಿದ್ದು 1993ರಲ್ಲಿ. ಮೊದಲ ಮರಿಗಳು ಟ್ರ್ಯಾಕಿಗೆ ಇಳಿದಿದ್ದು 1994ರಲ್ಲಿ. ತಾನು ತಂದ ಕುದುರೆಯ ಒಂದು ಮರಿ ಓಡೋದನ್ನೂ ಅವರು ನೋಡಲಿಲ್ಲ. ಇದನ್ನ ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಯಾಕಂದ್ರೆ ಆಮೇಲೆ ಆಗಿದ್ದು ನೋಡಿ. 1995ರಲ್ಲಿ, ಮರಿಗಳು ಓಡೋಕೆ ಶುರು ಮಾಡಿದ ಎರಡನೇ ವರ್ಷಕ್ಕೇ, ಸಂಡೇ ಸೈಲೆನ್ಸ್ ಜಪಾನಿನ ನಂಬರ್ ಒನ್ ಸೈರ್, ಅಂದರೆ ಮರಿಗಳು ಗೆದ್ದ ದುಡ್ಡಿನ ಲೆಕ್ಕದಲ್ಲಿ ಎಲ್ಲಕ್ಕಿಂತ ಮುಂದಿರೋ ತಂದೆ ಕುದುರೆ. ಅಲ್ಲಿಂದ 2007ರ ತನಕ ಸತತ 13 ವರ್ಷ ಆ ಜಾಗ ಬಿಡಲಿಲ್ಲ. ಕುದುರೆ ಸತ್ತಿದ್ದು 2002ರಲ್ಲಿ! ಜಪಾನ್ ಡರ್ಬಿ ಒಂದನ್ನೇ ಇದರ ಆರು ಗಂಡುಮಕ್ಕಳು ಗೆದ್ದರು. ಥರೋಬ್ರೆಡ್ ಅನ್ನೋ ಈ ರೇಸ್ ತಳಿಯ ಕುದುರೆಗೆ ಕೃತಕ ಗರ್ಭಧಾರಣೆ ನಡೆಯಲ್ಲ, ನಮ್ಮೂರ ಹಸುಗಳ ಹಾಗೆ ಡಾಕ್ಟರು ಬ್ಯಾಗಲ್ಲಿ ಬೀಜ ತಂದು ಕೊಡೋ ಹಾಗಿಲ್ಲ. ಪ್ರತಿ ಹೆಣ್ಣು ಕುದುರೆಯನ್ನೂ ಗಂಡಿನ ಹತ್ತಿರವೇ ಕರೆದುಕೊಂಡು ಹೋಗಬೇಕು. ಕೊನೆಯ ವರ್ಷಗಳಲ್ಲಿ ಒಂದೊಂದು ಹಂಗಾಮಿಗೆ 200ರ ಆಸುಪಾಸು ಹೆಣ್ಣು ಕುದುರೆಗಳು ಬರ್ತಿದ್ದವು. ಯೋಶಿದಾ ಮನೆಯವರು ಹೊರದೇಶದಿಂದ ಒಳ್ಳೊಳ್ಳೆ ಹೆಣ್ಣು ಕುದುರೆಗಳನ್ನ ಹುಡುಕಿ ತಂದಿದ್ದರು ಅನ್ನೋದನ್ನೂ ಮರೀಬಾರದು. ಹೊಗಳಿಕೆ ಎಲ್ಲಾ ಗಂಡಿಗೇ ಹೋಗುತ್ತೆ, ಮನುಷ್ಯರಲ್ಲಿ ಆಗೋ ಹಾಗೇ.

ಉದಾಹರಣೆಗೆ ಸಂಡೇ ಸೈಲೆನ್ಸ್‌ನ ಮಗ ಡೀಪ್ ಇಂಪ್ಯಾಕ್ಟ್. ಅದರ ತಾಯಿ ವಿಂಡ್ ಇನ್ ಹರ್ ಹೇರ್ ಐರ್ಲೆಂಡ್‌ನಲ್ಲಿ ಹುಟ್ಟಿದವಳು, ಇಂಗ್ಲೆಂಡಿನ ಓಕ್ಸ್ ರೇಸಿನಲ್ಲಿ ಎರಡನೆಯವಳಾಗಿ ಬಂದವಳು. ಮಗ ಹುಟ್ಟಿದ್ದು 2002ರ ಮಾರ್ಚ್ 25ಕ್ಕೆ, ಅಪ್ಪನ ಹುಟ್ಟಿದ ದಿನವೇ. 2005ರಲ್ಲಿ ಸೋಲೇ ಕಾಣದೆ ಜಪಾನಿನ ಟ್ರಿಪಲ್ ಕ್ರೌನ್ ಗೆದ್ದಿತು. ಅಪ್ಪ ಬಿಟ್ಟ ನಂಬರ್ ಒನ್ ಜಾಗಕ್ಕೆ 2012ರಲ್ಲಿ ತಾನು ಬಂದು 2022ರ ತನಕ ಕೂತಿತ್ತು. ಅದರ ಮಗ ಕಾಂಟ್ರೇಲ್ 2020ರಲ್ಲಿ ಅಪ್ಪನ ಹಾಗೇ ಸೋಲಿಲ್ಲದೆ ಟ್ರಿಪಲ್ ಕ್ರೌನ್. ಇನ್ನೊಬ್ಬ ಮಗ ಆಗಸ್ಟ್ ರೋಡಾನ್ 2023ರಲ್ಲಿ ಇಂಗ್ಲೆಂಡಿಗೇ ಹೋಗಿ ಎಪ್ಸಮ್ ಡರ್ಬಿ ಹೊಡೆದ.

ಆದರೆ ನನಗೆ ಇಷ್ಟ ಬೇರೆ ಶಾಖೆ. ಸ್ಟೇ ಗೋಲ್ಡ್ ಅಂತ ಸಂಡೇ ಸೈಲೆನ್ಸ್‌ನ ಒಂದು ಕುಳ್ಳ ಮಗ. 50 ಸಲ ಓಡಿ, ದೊಡ್ಡ ರೇಸುಗಳಲ್ಲೆಲ್ಲ ಎರಡನೆಯದೋ ಮೂರನೆಯದೋ ಆಗಿ, ಕಟ್ಟಕಡೆಯ ಓಟದಲ್ಲಿ, 2001ರ ಹಾಂಗ್‌ಕಾಂಗ್ ವಾಸ್‌ನಲ್ಲಿ, ಮೊದಲ ಜಿ1, ಅಂದರೆ ಅತಿ ಮೇಲಿನ ದರ್ಜೆಯ ರೇಸ್, ಗೆದ್ದಿತು. ಅಪ್ಪನ ಸಿಟ್ಟು ಪೂರ್ತಿ ಇದಕ್ಕೆ ಬಂದಿತ್ತು, ಇದರಿಂದ ಮಕ್ಕಳಿಗೂ. ಇದರ ಮಗ ಒರ್ಫೆವ್ರ್ 2011ರಲ್ಲಿ ಟ್ರಿಪಲ್ ಕ್ರೌನ್‌ನ ಮೂರನೇ ರೇಸ್ ಗೆದ್ದ ಮೇಲೆ ತನ್ನ ಜಾಕಿಯನ್ನೇ ಬೀಳಿಸಿತು. ಇನ್ನೊಬ್ಬ ಮಗ ಗೋಲ್ಡ್ ಶಿಪ್ ಅಂತೂ 2015ರ ತಕರಾಜುಕಾ ಕಿನೆನ್‌ನಲ್ಲಿ, ಎರಡು ವರ್ಷ ಸತತ ಗೆದ್ದಿದ್ದ ರೇಸಿನಲ್ಲಿ, ಗೇಟ್ ತೆರೆಯೋ ಹೊತ್ತಿಗೆ ಒಳಗೇ ಎದ್ದು ನಿಂತಿತು. ಅದರ ಮೇಲೆ ಜನ ಕಟ್ಟಿದ್ದ ಸಾವಿರ ಕೋಟಿ ಯೆನ್‌ಗೂ ಮೀರಿದ ದುಡ್ಡು ನೀರಿಗೆ ಹೋಯಿತು. ಈ ಗೋಲ್ಡ್ ಶಿಪ್‌ನ ಮಗಳೇ ನನ್ನ ಕಾಲು ಮುರಿದವಳು. ಎದ್ದು ನಿಲ್ಲೋದು ರಕ್ತದಲ್ಲೇ ಇದೆ ಅಂದಮೇಲೆ ಜಿಂಕೆಯನ್ನ ಯಾಕೆ ಬೈಯೋದು.

ಈಗ ಇಲ್ಲಿ ಒಂದು ತಾಪತ್ರಯ ಶುರುವಾಗಿದೆ. ಎಲ್ಲಾ ಕುದುರೆಗಳೂ ಒಂದೇ ಅಜ್ಜನ ಮೊಮ್ಮಕ್ಕಳಾದರೆ ಯಾರಿಗೆ ಯಾರನ್ನ ತರೋದು? ನಮ್ಮ ಕಡೆ ಅಕ್ಕನ ಮಗಳನ್ನ ತರೋ ಮಾತು ಬಂದಾಗ ಮನೆಯಲ್ಲಿ ನಡೆಯೋ ಚರ್ಚೆ ಇಲ್ಲಿ ಚಾರ್ಟ್ ಹಿಡಿದುಕೊಂಡು ನಡೆಯುತ್ತೆ. ಹತ್ತಿರವಾದರೆ ಭಯ, ಆದರೆ ಸರಿಯಾದ ದೂರದಲ್ಲಿ ಆ ರಕ್ತ ಎರಡೂ ಕಡೆಯಿಂದ ಸೇರಿದರೆ ಭಾರಿ ಕುದುರೆ ಬರುತ್ತೆ ಅಂತ ನಂಬಿಕೆ. 2020ರಲ್ಲಿ ಹೆಣ್ಣು ಕುದುರೆಗಳ ಟ್ರಿಪಲ್ ಕ್ರೌನ್ ಗೆದ್ದ ಡೇರಿಂಗ್ ಟ್ಯಾಕ್ಟ್‌ಗೆ ಒಂದು ಕಡೆ ನಾಲ್ಕನೇ ತಲೆ, ಇನ್ನೊಂದು ಕಡೆ ಮೂರನೇ ತಲೆಯಲ್ಲಿ ಸಂಡೇ ಸೈಲೆನ್ಸ್. ಅವಳು ನಮ್ಮ ಹಿದಾಕಾದ ಒಂದು ಸಣ್ಣ ಫಾರ್ಮಿನವಳು ಅನ್ನೋದು ಇಲ್ಲಿಯವರಿಗೆ ದೊಡ್ಡ ಹೆಮ್ಮೆ.

ನವೆಂಬರ್ 2ರ ಬೆಳಿಗ್ಗೆ, ಅಮೆರಿಕದಲ್ಲಿ ಇನ್ನೂ 1ನೇ ತಾರೀಕು, ನಾನು ಕಾಲು ದಿಂಬಿನ ಮೇಲೆ ಇಟ್ಟುಕೊಂಡು ಫೋನ್ ನೋಡ್ತಿದ್ದೆ. ಡೆಲ್ ಮಾರ್‌ನಲ್ಲಿ 2025ರ ಬ್ರೀಡರ್ಸ್ ಕಪ್ ಕ್ಲಾಸಿಕ್. ಫಾರೆವರ್ ಯಂಗ್ ಓಡ್ತಿದ್ದ, ಡೀಪ್ ಇಂಪ್ಯಾಕ್ಟ್‌ನ ಮೊಮ್ಮಗ, ಅಂದರೆ ಸಂಡೇ ಸೈಲೆನ್ಸ್‌ನ ಮರಿಮಗ. ಹಿಂದಿನ ವರ್ಷದ ವಿಜೇತ ಸಿಯೆರಾ ಲಿಯೋನ್ ಹಿಂದಿನಿಂದ ಬರ್ತಾನೇ ಇದ್ದ, ನಮ್ಮವನ ಜಾಕಿ ಸಕಾಯಿ ಬಿಡಲಿಲ್ಲ, ಗೆದ್ದ. ಮುತ್ತಜ್ಜ 1989ರಲ್ಲಿ ಗೆದ್ದಿದ್ದ ರೇಸ್ ಅದು. ಜಪಾನಿನ ಕುದುರೆಯೊಂದು ಅದನ್ನ ಗೆದ್ದಿದ್ದು ಅದೇ ಮೊದಲು. ನಾನು ಕಿರುಚಿದ್ದಕ್ಕೆ ನರ್ಸ್ ಓಡಿ ಬಂದರು, ನೋವು ಅಂದುಕೊಂಡು.

ಇನ್ನೊಂದು ವಿಷಯ ಬರೆಯದೆ ಇರೋಕಾಗಲ್ಲ. ಸಂಡೇ ಸೈಲೆನ್ಸ್‌ಗೆ 2002ರಲ್ಲಿ ಬಲ ಮುಂಗಾಲಿಗೆ ಸೋಂಕು ಆಯಿತು. ಆ ಕಾಲು ಊರಲಾಗದೆ ಭಾರ ಎಲ್ಲ ಎಡಗಾಲಿಗೆ ಹಾಕಿತು. ಹಾಗೆ ಹಾಕಿದರೆ ಗೊರಸಿನ ಒಳಗೆ ಮೂಳೆಯನ್ನ ಹಿಡಿದಿಡೋ ಪದರ ಬಾತು ಬಿಟ್ಟುಕೊಳ್ಳುತ್ತೆ, ಲ್ಯಾಮಿನೈಟಿಸ್ ಅಂತಾರೆ. ಆಗಸ್ಟ್ 19ಕ್ಕೆ ಹೋಯಿತು, ವಯಸ್ಸು ಬರೀ 16. ನಾನು ತಿಂಗಳುಗಟ್ಟಲೆ ಕಾಲು ಚಾಚಿ ಮಲಗಿ ಗುಣವಾದೆ. ಅರ್ಧ ಟನ್ ತೂಗೋ ಕುದುರೆಗೆ ಹಾಗೆ ಮಲಗೋ ಭಾಗ್ಯ ಇಲ್ಲ.

ಆ ಒಂದು ಕುದುರೆಯಿಂದಲೇ ಈ ಊರಿನ ಒಲೆ ಉರೀತಿದೆ ಅಂದ್ರೆ ಸುಳ್ಳಾಗುತ್ತೆ. ದೊಡ್ಡ ಲಾಭ ದೊಡ್ಡ ಫಾರ್ಮುಗಳಿಗೇ ಹೋಗಿದ್ದು, ಸಣ್ಣವರು ಮುಚ್ಚಿಕೊಂಡಿದ್ದೂ ಉಂಟು. ಆದರೂ ನಾನು ದಿನಾ ಹತ್ತಿ ಇಳಿಯೋ ಬೆನ್ನುಗಳು ಅದು ಬಿಟ್ಟು ಹೋದದ್ದು, ನನ್ನ ಸಂಬಳವೂ. ಅದಕ್ಕೇ ಅದಕ್ಕೂ ಒಂದು ಥ್ಯಾಂಕ್ಸ್.

ಮರಿ ಹೇಗಿದ್ದಾಳೆ ಅಂತ ತುಂಬಾ ಜನ ಕೇಳಿದಿರಿ. ಎರಡು ವರ್ಷ ತುಂಬಿದ ಲೆಕ್ಕ, ಎದೆ ಅಗಲ ಆಗಿದೆ, ಬೂದು ಮೈ ಮೇಲೆ ಚುಕ್ಕಿ ಮೂಡ್ತಿದೆ. ಹತ್ತಿರ ಹೋದರೆ ಮೊದಲು ಕಿವಿ ಹಿಂದಕ್ಕೆ ಮಡಚಿ ಹೆದರಿಸ್ತಾಳೆ, ಆಮೇಲೆ ತುಟಿಯಲ್ಲಿ ಜಾಕೆಟ್ ಜಿಪ್ ಹಿಡಿದು ಕೆಳಗೆ ಎಳೀತಾಳೆ, ಕ್ಯಾರೆಟ್ ಒಳಜೇಬಲ್ಲಿದೆ ಅಂತ ಅವಳಿಗೆ ಗೊತ್ತು. ಅವಳನ್ನ ಈಗ ಕೊಲ್ಹಾಪುರದ ಹುಡುಗ ಓಡಿಸ್ತಿದ್ದಾನೆ, ಚೆನ್ನಾಗಿ ಓಡಿಸ್ತಿದ್ದಾನೆ, ನಾನು ವಾಪಸ್ ಕೇಳಲ್ಲ.

ಬೆಂಗಳೂರು ರೇಸ್‌ಕೋರ್ಸಿನ ಹಳೇ ಗೆಳೆಯರೇ, ಜಮೇದಾರರೇ, ನೀವು ಕೂಡಿಸಿ ಕಳಿಸಿದ ದುಡ್ಡು ಆಸ್ಪತ್ರೆಗೆ ಬೇಕಾಗಲಿಲ್ಲ, ಇಲ್ಲಿ ಕೆಲಸದಲ್ಲಿ ಪೆಟ್ಟಾದರೆ ವಿಮೆ ನೋಡಿಕೊಳ್ಳುತ್ತೆ. ಅದು ಮನೆ ಖರ್ಚಿಗೆ, ಮಗಳ ಸ್ಕೂಲ್ ಫೀಸಿಗೆ ಹೋಯಿತು. ಯಾರು ಎಷ್ಟು ಕೊಟ್ಟಿರಿ ಅಂತ ತಂಗಿ ಬರೆದಿಟ್ಟಿದ್ದಾಳೆ. ಮಳೆಗಾಲಕ್ಕೆ ಊರಿಗೆ ಬರ್ತೀನಿ, ಒಬ್ಬೊಬ್ಬರ ಕೈಗೇ ಕೊಡ್ತೀನಿ, ಬೇಡ ಅನ್ನಬೇಡಿ. ಇಲ್ಲಿ ಕೆಲಸ ಸಿಗುತ್ತಾ ಅಂತ ಕೇಳ್ತಿರೋ ಹುಡುಗರು ಏಜೆಂಟ್ ಕೈಗೆ ದುಡ್ಡು ಕೊಡೋ ಮುಂಚೆ ನನಗೊಂದು ಫೋನ್ ಮಾಡಿ, ಸಂಬಳ, ಚಳಿ, ಜಿಂಕೆ ಎಲ್ಲಾ ಇದ್ದದ್ದು ಇದ್ದ ಹಾಗೆ ಹೇಳ್ತೀನಿ.