ಗೋಡೆಯ ಮೇಲಿನ ಹದಿನಾಲ್ಕು ಗೀಟು

ನಾನು ಮುದ್ದೇಬಿಹಾಳ ತಾಲ್ಲೂಕಿನವ. ನಮ್ಮ ಕಡೆಯ ಬಹಳ ಜನರಂತೆ ದುಡಿಮೆ ಮಂಗಳೂರಿನಲ್ಲಿ, ಸೆಂಟ್ರಿಂಗ್ ಕೆಲಸ. ಚಳಿಜ್ವರ ಬಿಟ್ಟು ಮೊನ್ನೆಗೆ 6 ತಿಂಗಳು ತುಂಬಿತು. ಮೂವರ ಋಣ ಐತಿ. ಎದುರಿಗೆ ಹೇಳಲು ಹೋದರೆ ‘ಇರಲಿ ಬಿಡ್ರಿ’ ಅಂತ ನಡೆದುಬಿಡುತ್ತಾರೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ನನ್ನ ತಪ್ಪು. ಮಾರ್ಚ್‌ನಲ್ಲಿ ಮಂಗಳೂರಿನಲ್ಲೇ ಮಲೇರಿಯಾ ಬಂದಿತ್ತು, ಅದರಲ್ಲಿ ವೈವ್ಯಾಕ್ಸ್ ಅನ್ನುವ ಬಗೆ ಅಂದರು. 3 ದಿನದ ಕ್ಲೋರೋಕ್ವಿನ್‌ಗೆ ಜ್ವರ ಇಳಿಯಿತು. ಜೊತೆಗೆ 14 ದಿನಕ್ಕೆ ಪ್ರಿಮಾಕ್ವಿನ್ ಕೊಟ್ಟಿದ್ದರು. 4 ದಿನ ನುಂಗಿ, ಯುಗಾದಿಗೆ ಊರಿನ ಬಸ್ ಹತ್ತುವಾಗ ಉಳಿದದ್ದನ್ನು ಶೆಡ್ಡಿನಲ್ಲೇ ಬಿಟ್ಟೆ. ಜ್ವರವೇ ಇಲ್ಲ, ಗುಳಿಗೆ ಯಾಕ?

ಮೇ ತಿಂಗಳ ಒಂದು ಮಧ್ಯಾಹ್ನ. ಹೊರಗೆ ಹೆಂಚು ಕಾಯ್ದಂಥ ಬಿಸಿಲು, ಒಳಗೆ ನಾನು ಮೂರು ಕೌದಿ ಹೊದ್ದು ಗಡಗಡ ನಡುಗುತ್ತಿದ್ದೆ. ಕೌದಿ ಜಾರದಂತೆ ಅವ್ವ ನನ್ನ ಕಾಲ ಮೇಲೆ ಕೂತಿದ್ದಳು. ತಾಸಿನ ಮೇಲೆ ಮೈ ಕೆಂಡ, ತಲೆ ಸಿಡಿತ, ವಾಂತಿ. ಆಮೇಲೆ ಬೆವರು ಕಿತ್ತುಕೊಂಡು ಬಂದು ಹಾಸಿಗೆಯೆಲ್ಲ ತೊಯ್ದುಹೋಯಿತು. ಅವ್ವ ಉಪ್ಪು-ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ನಾನು ಒಬ್ಬ ಡಾಕ್ಟರ ಹತ್ತಿರ ಹೋಗಿ ಸಲೈನ್ ಹಚ್ಚಿಸಿಕೊಂಡೆ. ಅವರು ರಕ್ತ ನೋಡಲಿಲ್ಲ, ಮಾರ್ಚ್‌ನ ಸುದ್ದಿ ನಾನೂ ಹೇಳಲಿಲ್ಲ. ಮರುದಿನ ಎದ್ದು ಓಡಾಡಿದೆ. ಹೆಸರು ಸಲೈನಿಗೆ ಬಂತು. ಅದರ ಮರುದಿನ, ಅದೇ ಹೊತ್ತಿಗೆ, ಮತ್ತೆ ಹಲ್ಲು ಕಟಕಟ.

ಆಗ ಬಂದವರು ನಮ್ಮೂರ ಆಶಾ ಕಾರ್ಯಕರ್ತೆ ಅಕ್ಕಾರು. ಮೊದಲನೇ ಋಣ ಅವರದ್ದು. ಕೇಳಿದ ಮೊದಲ ಮಾತೇ ‘ಮಂಗಳೂರಾಗ ಗುಳಿಗಿ ಪೂರಾ ತಗೊಂಡಿದ್ದೇನಪಾ?’ ನಾನು ನೆಲ ನೋಡಿದೆ. ಬೆರಳು ಚುಚ್ಚಿ ಎರಡು ಹನಿ ರಕ್ತವನ್ನು ಗಾಜಿನ ಪಟ್ಟಿಗೆ ಸವರಿದರು. ಪ್ರಾಥಮಿಕ ಆರೋಗ್ಯ ಕೇಂದ್ರದ ಲ್ಯಾಬಿನ ಸರ್ ನೋಡಿ ಅದೇ ವೈವ್ಯಾಕ್ಸ್ ಅಂದರು. ಎರಡನೇ ಋಣ ಅವರದ್ದು. ಬೈಯುವ ಬದಲು ಕೂಡಿಸಿಕೊಂಡು ಹೇಳಿದರು: ಕ್ಲೋರೋಕ್ವಿನ್ ರಕ್ತದೊಳಗಿನ ಹುಳವನ್ನು ಕೊಲ್ಲುತ್ತದೆ, ಆದರೆ ವೈವ್ಯಾಕ್ಸ್ ಯಕೃತ್ತಿನಲ್ಲಿ ತಿಂಗಳುಗಟ್ಟಲೆ ಮಲಗಿರುತ್ತದೆ, ಅದನ್ನು ಬುಡಸಮೇತ ಕೀಳುವುದು ಪ್ರಿಮಾಕ್ವಿನ್. ನಾನು ಶೆಡ್ಡಿನಲ್ಲಿ ಬಿಟ್ಟು ಬಂದದ್ದು ಅದನ್ನೇ. ಜೊತೆಗಾರನೊಬ್ಬನಿಗೆ ಫಾಲ್ಸಿಪಾರಂ ಅನ್ನುವ ಇನ್ನೊಂದು ಬಗೆಯ ಮಲೇರಿಯಾ ಆಗಿತ್ತು, ಅವನಿಗೆ ಆರ್ಟೆಸುನೇಟ್ ಸೇರಿದ ಬೇರೆಯದೇ ಗುಳಿಗೆ. ಯಾವ ಮಲೇರಿಯಾ ಅಂತ ರಕ್ತ ನೋಡದೆ ಗುಳಿಗೆ ಹಂಚಿಕೊಳ್ಳುವ ಚಟ ನಮ್ಮ ಶೆಡ್ಡುಗಳಲ್ಲಿ ಐತಿ, ದಯವಿಟ್ಟು ಬಿಡ್ರಿ.

ಕ್ಲೋರೋಕ್ವಿನ್ ಮೊದಲ ದಿನ 4, ಎರಡನೇ ದಿನ 4, ಮೂರನೇ ದಿನ 2. ಪ್ರಿಮಾಕ್ವಿನ್ ದಿನಕ್ಕೆ 15 ಮಿಲಿಗ್ರಾಂ, 14 ದಿನ. (ಇದು ನನ್ನ ಲೆಕ್ಕ. ಮಕ್ಕಳಿಗೆ ಬೇರೆ. ಬಸುರಿಯರಿಗೆ ಪ್ರಿಮಾಕ್ವಿನ್ ಕೊಡುವುದೇ ಇಲ್ಲ.) ಬರೀ ಹೊಟ್ಟೆಯಲ್ಲಿ ನುಂಗಬೇಡ ಅಂದರು, ರೊಟ್ಟಿ ಆದ ಮೇಲೆಯೇ ನುಂಗಿದೆ. ಉಚ್ಚೆ ಚಹಾದ ಡಿಕಾಕ್ಷನ್‌ನಂತೆ ಕಪ್ಪಾದರೆ ಆ ಕ್ಷಣವೇ ನಿಲ್ಲಿಸಿ ಬಾ ಅಂದಿದ್ದರು, ಕೆಲವರ ಮೈಗೆ ಆ ಗುಳಿಗೆ ಒಗ್ಗದೆ ರಕ್ತಕಣ ಒಡೆಯುತ್ತವಂತೆ. ಹದಿನಾಲ್ಕು ದಿನವೂ ಬೆಳಿಗ್ಗೆ ಎದ್ದು ಅದನ್ನೇ ನೋಡಿದೆ. ನಗಬೇಡಿ.

ಅಕ್ಕಾರು ದಿನಾ ಸಂಜೆ ಬಂದು ಎದುರಿಗೇ ನುಂಗಿಸಿ, ಅಡುಗೆಮನೆ ಗೋಡೆಯ ಮೇಲೆ ಇದ್ದಿಲಿನಿಂದ ಒಂದು ಗೀಟು ಎಳೆಯುತ್ತಿದ್ದರು. ಸೊಳ್ಳೆಪರದೆ ಕಟ್ಟಿಕೊ ಅಂದಾಗ ‘ನನಗ ಬಂದಾತಲ್ಲ ಅಕ್ಕಾರ, ಇನ್ನ ಯಾಕ?’ ಅಂದೆ. ‘ನಿನಗಲ್ಲೋ. ನಿನ್ನ ಕಚ್ಚಿದ ಸೊಳ್ಳಿ ಹತ್ತು-ಹನ್ನೆರಡು ದಿನಕ್ಕ ನಿನ್ನ ತಂಗಿನ್ನ ಕಚ್ಚತೈತಿ.’ ತಂಗಿ ಚೊಚ್ಚಲ ಹೆರಿಗೆಗೆ ಬಂದಿದ್ದಳು. ಆ ಮಾತು ಸೂಜಿಗಿಂತ ಜೋರಾಗಿ ಚುಚ್ಚಿತು. ನಲ್ಲಿಗೆ ದಿನಾ ನೀರು ಬರುವುದಿಲ್ಲ ಅಂತ ತುಂಬಿಟ್ಟಿದ್ದ ಬ್ಯಾರಲ್ಲನ್ನೂ ಅವರು ಬಗ್ಗಿ ನೋಡಿದರು. ನೀರಿನ ಮೇಲ್ಮೈಗೆ ಕಡ್ಡಿ ಮಲಗಿಸಿದಂತೆ ಅಡ್ಡಡ್ಡ ಮರಿಹುಳ. ತಲೆಕೆಳಗಾಗಿ ಜೋತಾಡುವವು ಬೇರೆ ಸೊಳ್ಳೆಯವು, ಹೀಗೆ ಮಲಗುವವು ಮಲೇರಿಯಾದ ಅನಾಫಿಲಿಸ್. ಇದಕ್ಕೆ ಗಟಾರ ಬೇಡ, ತಿಳಿನೀರೇ ಬೇಕು.

ಹಾಗಂದಾಗ ನನಗೆ ನೆನಪಾದದ್ದು ನಮ್ಮ ಸ್ಲ್ಯಾಬು. ಕಾಂಕ್ರೀಟ್ ಹಾಕಿದ ಮರುದಿನ ಸುತ್ತ ಕಟ್ಟೆ ಕಟ್ಟಿ ವಾರ-ಹದಿನೈದು ದಿನ ನೀರು ನಿಲ್ಲಿಸುವವರು ನಾವೇ. ಮೊಟ್ಟೆ ಸೊಳ್ಳೆಯಾಗಿ ಹಾರಲು ಸಾಕಾಗುವುದೂ ಅಷ್ಟೇ ದಿನ. ಕೆಳಗಿನ ಮಹಡಿಯಲ್ಲಿ ಪರದೆಯಿಲ್ಲದೆ ಮಲಗುವವರೂ ನಾವೇ. ಮೇಸ್ತ್ರಿಗೆ ಫೋನ್ ಹಚ್ಚಿ ಹೇಳಿದೆ. ‘ಜ್ವರ ತಲಿಗೇರೈತೇನೋ’ ಅಂದರು. ಆದರೂ ಈಗ ಸ್ಲ್ಯಾಬಿನ ಮೇಲೆ ಗೋಣಿಚೀಲ ಹಾಸಿ ತೋಯಿಸುತ್ತಿದ್ದಾರೆ, ಎಲ್ಲಿ ನೀರು ನಿಲ್ಲಿಸಲೇಬೇಕೋ ಅಲ್ಲಿ ವಾರಕ್ಕೊಮ್ಮೆ ಪೂರಾ ಹರಿಯಬಿಟ್ಟು ಒಣಗಿಸುತ್ತಾರೆ. ನಾನು ಮಲಗಿದ್ದಷ್ಟು ದಿನ ನನ್ನ ಜಾಗಕ್ಕೆ ಬೇರೆಯವರನ್ನು ಕಾಯಂ ಮಾಡಲಿಲ್ಲ. ಮೂರನೇ ಋಣ ಅವರದ್ದು.

ತಂಗಿಗೆ ಗಂಡುಮಗು, ಇಬ್ಬರೂ ಆರಾಮ. ದೀಪಾವಳಿಗೆ ಅವ್ವ ಸುಣ್ಣ ಹೊಡೆಯುವಾಗ ಇದ್ದಿಲಿನ ಗೀಟು ಎರಡು ಸಲ ಬಳಿದರೂ ಮುಚ್ಚಲಿಲ್ಲ. ಅಕ್ಕಾರ, ಬಂದು ನೋಡ್ರಿ, ಬೇಕಾದ್ರ ಎಣಿಸ್ರಿ. ಈ ಸಲ ಪೂರಾ ಹದಿನಾಲ್ಕು.