ಪುಸ್ತಕ ಮಾಡಿಸುವವರಿಗೆ: ಮುಂದಿನ ತಿಂಗಳಿಂದ ನಮ್ಮ ಬಿಲ್ಲು ಬದಲಾಗುತ್ತದೆ

ಪ್ರೀತಿಯ ಬರಹಗಾರರೇ,

ಇಷ್ಟು ದಿನ ನೀವು ಹಸ್ತಪ್ರತಿ ತಂದರೆ ನಾವು ಒಂದೇ ಮೊತ್ತ ಹೇಳುತ್ತಿದ್ದೆವು. ಟೈಪಿಂಗ್, ಕರಡು ತಿದ್ದುವುದು, ಮುಖಪುಟ, ಮುದ್ರಣ ಎಲ್ಲ ಅದರಲ್ಲೇ. ಬರುವ ತಿಂಗಳ 1ರಿಂದ ಆ ಪ್ಯಾಕೇಜ್ ಇರುವುದಿಲ್ಲ. ಪ್ರತಿ ಕೆಲಸಕ್ಕೂ ಬೇರೆ ಬೇರೆ ದರ ಬರೆದುಕೊಡುತ್ತೇವೆ, ಬೇಡದ್ದನ್ನು ನೀವು ಬಿಡಬಹುದು. ಜೊತೆಗೆ, ಮೊದಲ ಪುಸ್ತಕ ಮಾಡಿಸುವವರಿಂದ 1000 ಪ್ರತಿಯ ಆರ್ಡರ್ ತೆಗೆದುಕೊಳ್ಳುವುದಿಲ್ಲ.

ಯಾಕೆ ಅಂತ ಹೇಳಬೇಕು. ಹಿಂದೊಮ್ಮೆ ನಿವೃತ್ತ ಮೇಷ್ಟ್ರೊಬ್ಬರು ಬಂದಿದ್ದರು. ಹೆಚ್ಚು ಹಾಕಿಸಿದರೆ ಒಂದು ಪ್ರತಿಗೆ ಬೀಳುವ ಖರ್ಚು ಕಮ್ಮಿ ಅಂತ ನಾವೇ ಹೇಳಿದೆವು, ಅವರು 1000 ಹಾಕಿಸಿದರು. ಎರಡು ವರ್ಷದ ಮೇಲೆ ಅವರ ಮನೆಗೆ ಹೋದಾಗ ಮಂಚದ ಕೆಳಗೆ ಕಟ್ಟುಗಳು ಬಿಚ್ಚದೆ ಹಾಗೇ ಇದ್ದವು. ಅವರು ಒಂದು ಮಾತೂ ಆಡಲಿಲ್ಲ, ಚಹಾ ಕೊಟ್ಟರು. ಆ ಸಲಹೆ ತಪ್ಪು. ತಪ್ಪು ನಮ್ಮದೇ.

ಲೆಕ್ಕ ಹೀಗಿದೆ. ಡೆಮಿ 1/8 ಅಳತೆಯ (ಸಾಮಾನ್ಯ ಕಾದಂಬರಿಯ ಗಾತ್ರ) 128 ಪುಟದ ಪುಸ್ತಕ ಅಂದುಕೊಳ್ಳಿ. ದೊಡ್ಡ ಹಾಳೆಯೊಂದನ್ನು ಮಡಚಿದರೆ 16 ಪುಟ, ಅದೇ ಒಂದು ಫಾರ್ಮ್, ಒಟ್ಟು 8 ಫಾರ್ಮ್. 500 ಪ್ರತಿಗೆ 4000 ಹಾಳೆ, ಅಂದರೆ ರೀಮಿಗೆ 500 ಹಾಳೆಯಂತೆ 8 ರೀಮು, ಮೇಲೆ ಒಂದಿಷ್ಟು ವೇಸ್ಟೇಜು. ಆಫ್‌ಸೆಟ್‌ನಲ್ಲಿ ಪ್ಲೇಟು ಮಾಡಿ ಮಷೀನು ಹೊಂದಿಸುವ ಖರ್ಚು 100 ಪ್ರತಿಗೂ ಅಷ್ಟೇ, 1000ಕ್ಕೂ ಅಷ್ಟೇ, ಅದಕ್ಕೇ ಪ್ರತಿ ಜಾಸ್ತಿಯಾದಷ್ಟೂ ಅಗ್ಗ ಅನ್ನಿಸುವುದು. ನಮ್ಮ ಹೊಸ ದರದಲ್ಲಿ ಡಿಟಿಪಿ (ಟೈಪ್ ಮಾಡಿ ಪುಟ ಜೋಡಿಸುವುದು) ಪುಟಕ್ಕೆ 25 ರೂಪಾಯಿ, ಕರಡು ತಿದ್ದಲು 15, ಮುಖಪುಟಕ್ಕೆ 3000, ಸೇರಿ 8120. ಇದರ ಮೇಲೆ 500 ಪ್ರತಿಯ ಮುದ್ರಣಕ್ಕೆ ಸುಮಾರು 31,000. ಒಟ್ಟು 39,000 ದಾಟುತ್ತದೆ, ಪ್ರತಿಗೆ 78 ರೂಪಾಯಿ. ಬೆಲೆ 160 ಇಟ್ಟರೆ ಅಂಗಡಿಯವರು 40 ಪರ್ಸೆಂಟ್ ಹಿಡಿದುಕೊಂಡು 96 ಕೊಡುತ್ತಾರೆ. ಲಾಭ ಕಾಣಿಸುತ್ತದೆ, ಅಲ್ವಾ? ಆದರೆ ಮಾರಿದ್ದು 150 ಪ್ರತಿ ಆದರೆ ಕೈಗೆ ಬರುವುದು 14,400 ಮಾತ್ರ.

ಡಿಜಿಟಲ್‌ನಲ್ಲಿ (ಪ್ಲೇಟು ಇಲ್ಲದೆ ಫೈಲಿನಿಂದಲೇ ಅಚ್ಚು ಹಾಕುವುದು) 100 ಪ್ರತಿ ತೆಗೆದರೆ ಮುದ್ರಣಕ್ಕೆ ಪ್ರತಿಗೆ 125 ರೂಪಾಯಿ, ಎಲ್ಲ ಸೇರಿ 20,600 ಚಿಲ್ಲರೆ. ಅಷ್ಟನ್ನೂ ನೀವೇ ಕೈಯಾರೆ 160ಕ್ಕೆ ಮಾರಿದರೂ 4600 ಕೈಯಿಂದ ಹೋಗುತ್ತದೆ, ಅಂಗಡಿಗೆ ಹಾಕಿದರಂತೂ ಪೂರಾ ನಷ್ಟ. ಆದರೂ ನಮ್ಮ ಸಲಹೆ ಇದೇ. ಓದುವವರು ಎಷ್ಟು ಜನ ಅಂತ ಗೊತ್ತಾಗುತ್ತದೆ, ತಪ್ಪುಗಳು ಕಣ್ಣಿಗೆ ಬೀಳುತ್ತವೆ, ಬೇಡಿಕೆ ಬಂದರೆ ಅದೇ ಫೈಲಿನಿಂದ 500 ಹಾಕಿಸಬಹುದು.

ಕಾಗದದ ಮಾತು. 2025ರ ಸೆಪ್ಟೆಂಬರ್ 22ರಿಂದ ಮುದ್ರಣ ಕಾಗದದ ಜಿಎಸ್‌ಟಿ ಶೇ 12ರಿಂದ 18 ಆಯಿತು. ಪುಸ್ತಕಕ್ಕೆ ಜಿಎಸ್‌ಟಿ ಇಲ್ಲ, ಹಾಗಾಗಿ ಕಾಗದಕ್ಕೆ ಕಟ್ಟಿದ್ದು ವಾಪಸ್ ಬರುವುದಿಲ್ಲ, ಪುಸ್ತಕದ ಖರ್ಚಿನಲ್ಲೇ ಕೂರುತ್ತದೆ. ಇನ್ನು ಮುಂದೆ ಬಿಲ್ಲಿನಲ್ಲಿ ಇದೂ ಕಾಣುತ್ತದೆ.

ಐಎಸ್‌ಬಿಎನ್‌ಗೆ (ಅಂದರೆ ಪ್ರತಿ ಪುಸ್ತಕಕ್ಕೂ ಸಿಗುವ ಗುರುತಿನ ಸಂಖ್ಯೆಗೆ) ದುಡ್ಡು ಕೊಡಬೇಡಿ, ಯಾರು ಕೇಳಿದರೂ. ದೆಹಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ ಅದನ್ನು ಉಚಿತವಾಗಿ ಕೊಡುತ್ತದೆ. ಅರ್ಜಿ ನಿಮ್ಮ ಹೆಸರಿನಲ್ಲೇ ಇರಲಿ, ಆಗ ಪ್ರಕಾಶಕರೂ ನೀವೇ. ತುಂಬಿಸಲು ಕಷ್ಟವಾದರೆ ನಮ್ಮ ಕಚೇರಿಯಲ್ಲಿ ಕೂತು ತುಂಬಿಸೋಣ. ವಯಸ್ಸು ಚಿಕ್ಕದಿದ್ದು ಇದು ನಿಮ್ಮ ಮೊದಲ ಪುಸ್ತಕವಾದರೆ, ಅಚ್ಚಿಗೆ ಕೊಡುವ ಮೊದಲು ಕನ್ನಡ ಪುಸ್ತಕ ಪ್ರಾಧಿಕಾರದ ಚೊಚ್ಚಲ ಕೃತಿ ಪ್ರೋತ್ಸಾಹಧನದ ಪ್ರಕಟಣೆ ನೋಡಿಕೊಳ್ಳಿ.

ಪುಸ್ತಕಗಳನ್ನು ಕಮ್ಮಿ ದರಕ್ಕೆ ಕಳಿಸುವ ಅಂಚೆಯ ಬುಕ್ ಪೋಸ್ಟ್ 2024ರ ಡಿಸೆಂಬರ್‌ನಲ್ಲಿ ನಿಂತಾಗ ಎಲ್ಲರಿಗೂ ಪೆಟ್ಟು ಬಿತ್ತು. 2025ರ ಮೇ 1ರಿಂದ ಅದರ ಜಾಗದಲ್ಲಿ ಜ್ಞಾನ ಪೋಸ್ಟ್ ಇದೆ. 300 ಗ್ರಾಂ ತನಕ 20 ರೂಪಾಯಿ, 128 ಪುಟದ ಪುಸ್ತಕ ಅದರಲ್ಲಿ ಆರಾಮಾಗಿ ಹೋಗುತ್ತದೆ. ಒಳಗೆ ಮುದ್ರಕರ ಅಥವಾ ಪ್ರಕಾಶಕರ ಹೆಸರು ಅಚ್ಚಾಗಿರಬೇಕು, ಮರೆಯಬೇಡಿ.

ನುಡಿ ತಂತ್ರಾಂಶದ ಹಳೆಯ ಅಕ್ಷರದಲ್ಲಿ ಟೈಪ್ ಮಾಡಿದ್ದರೆ ಯೂನಿಕೋಡ್‌ಗೆ ಬದಲಿಸಿಯೇ ಕೊಡಿ. ಬದಲಿಸಿದ ಮೇಲೆ ಅರ್ಕಾವತ್ತು, ಒತ್ತಕ್ಷರಗಳನ್ನು ಒಮ್ಮೆ ನೋಡಿ. ಹಾಗೆ ತಂದರೆ ಪುಟಕ್ಕೆ 25ರ ಬದಲು 12 ಮಾತ್ರ.

ಈಗಾಗಲೇ ಮುಂಗಡ ಕೊಟ್ಟವರಿಗೆ ಹಳೆಯ ದರವೇ. ಬೇಕಾದರೆ ಹೊಸ ಲೆಕ್ಕಕ್ಕೂ ಬರಬಹುದು, ಉಳಿದ ದುಡ್ಡು ವಾಪಸ್ ಕೊಡುತ್ತೇವೆ.

ನಿಮ್ಮ,
ಮುದ್ರಣ ಸಹಕಾರಿಯ ಬಳಗ, ಧಾರವಾಡ